ಅಗ್ಗದ ವಾಟರ್‌ಪ್ರೂಫ್ ಚೀಲದಲ್ಲಿ ಕ್ಯಾಮೆರಾ ಇಟ್ಟು ನೇತ್ರಾಣಿಯಲ್ಲಿ ಇಳಿಯಬಹುದೇ?

ತುಂಗಾತೀರ:
ಡಿಸೆಂಬರಿನಲ್ಲಿ ಮುರುಡೇಶ್ವರದಿಂದ ನೇತ್ರಾಣಿ ದ್ವೀಪಕ್ಕೆ ಹೋಗುತ್ತಿದ್ದೇವೆ. ನಾನು ಸ್ಕೂಬಾ (ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ಮುಳುಗುವುದು) ಕಲಿತವನಲ್ಲ. ತರಬೇತುದಾರರು ಜೊತೆಗಿದ್ದು ಇಳಿಸುವ ಮೊದಲ ಹಂತದ ಡೈವ್ ಮಾಡಿ, ಉಳಿದ ಹೊತ್ತು ಸ್ನಾರ್ಕೆಲ್ (ಬಾಯಿಗೆ ಕಚ್ಚುವ ಉಸಿರಾಟದ ಕೊಳವೆ) ಹಾಕಿಕೊಂಡು ಮೇಲೆಯೇ ತೇಲುವ ಯೋಜನೆ. ನನ್ನಲ್ಲಿರುವುದು ಹಳೆಯ ಡಿಎಸ್‌ಎಲ್‌ಆರ್ ಮತ್ತು ಅದರೊಂದಿಗೆ ಬಂದ 18–55 ಲೆನ್ಸ್. ಇದಕ್ಕೆ ಗಟ್ಟಿ ಹೌಸಿಂಗ್, ಅಂದರೆ ನೀರು ಹೊಗದ ಪೆಟ್ಟಿಗೆ, ಕೊಳ್ಳಲು ಹೊರಟರೆ ಕ್ಯಾಮೆರಾಕ್ಕಿಂತ ಅದರ ಬೆಲೆಯೇ ಹೆಚ್ಚು. ಆನ್‌ಲೈನಿನಲ್ಲಿ ಪಿವಿಸಿ ಚೀಲಗಳು ಕಾಣಿಸುತ್ತಿವೆ. ಮುಂದೆ ಲೆನ್ಸಿಗೆಂದು ಒಂದು ಕೊಳವೆ, ಅದರ ತುದಿಗೆ ಗಾಜು, ಮೇಲೆ ಜಿಪ್ ಹಾಕಿ ಸುರುಳಿ ಸುತ್ತುವ ಬಾಯಿ. ವಿಚಿತ್ರವೆಂದರೆ ಹೆಸರಾಂತ ಕಂಪನಿಯ ಚೀಲದ ಮೇಲೆ 5 ಮೀಟರ್ ಎಂದಿದೆ. ಅದರ ಕಾಲುಭಾಗ ಬೆಲೆಯ, ಊರು ಹೆಸರಿಲ್ಲದ ಚೀಲದ ಮೇಲೆ 20 ಮೀಟರ್ ಎಂದಿದೆ. ಯಾವುದನ್ನು ನಂಬಬೇಕು? ಬಳಸಿದವರು ಹೇಳಿ.

ನೀರುನಾಯಿ:
ಚೀಲದ ವಿಷಯ ಆಮೇಲೆ. ಮೊದಲ ಡೈವ್‌ಗೆ ಯಾವ ಕ್ಯಾಮೆರಾವೂ ಬೇಡ. ಇದು ನನ್ನ ವೃತ್ತಿ, ಆದ್ದರಿಂದ ಖಡಾಖಂಡಿತವಾಗಿ ಹೇಳುತ್ತಿದ್ದೇನೆ. ಇಳಿಯುವಾಗ ಒಂದೊಂದು ಮೀಟರಿಗೂ ಮೂಗು ಹಿಡಿದು ಕಿವಿಯ ಒತ್ತಡ ಸರಿಪಡಿಸಿಕೊಳ್ಳಬೇಕು. ಅದಕ್ಕೊಂದು ಕೈ ಬೇಕು. ಇನ್ನೊಂದು ಕೈಯಲ್ಲಿ ತರಬೇತುದಾರರಿಗೆ ಸನ್ನೆ ಮಾಡಬೇಕು. ಮೂರನೆಯ ಕೈ ಇದ್ದರೆ ಕ್ಯಾಮೆರಾ ತನ್ನಿ. ಇಂಥ ಪರಿಚಯದ ಡೈವ್‌ಗೆ ಡೈವಿಂಗ್ ತರಬೇತಿಯ ಪ್ಯಾಡಿ ಸಂಸ್ಥೆ ಇಟ್ಟಿರುವ ಮಿತಿಯೇ 12 ಮೀಟರ್. ಹೀಗಿರುವಾಗ 20 ಮೀಟರಿನ ಚೀಲ ತೆಗೆದುಕೊಂಡು ನೀವೇನು ಮಾಡುತ್ತೀರಿ? ಕರೆದೊಯ್ಯುವವರೇ ಸಾಮಾನ್ಯವಾಗಿ ಸಣ್ಣ ಆಕ್ಷನ್ ಕ್ಯಾಮೆರಾದಲ್ಲಿ ನಿಮ್ಮ ಫೋಟೊ ತೆಗೆದು ಕೊಡುತ್ತಾರೆ.

ಸ್ನಾರ್ಕೆಲ್ ಮಾಡುವಾಗ ಚೀಲ ತನ್ನಿ, ಆಕ್ಷೇಪವಿಲ್ಲ. ನೇತ್ರಾಣಿ ಕರಾವಳಿಯಿಂದ ಸುಮಾರು 19 ಕಿಲೋಮೀಟರ್ ದೂರದಲ್ಲಿದೆ. ದೋಣಿಯಿಂದಲೇ ನೇರವಾಗಿ ನೀರಿಗೆ ಇಳಿಯಬೇಕು. ಅಲೆ ಎತ್ತಿ ಹಾಕುವ ದೋಣಿಯಲ್ಲಿ ನಿಂತು ಚೀಲದ ಬಾಯಿ ತೆರೆದು ಮುಚ್ಚುವ ಸಾಹಸ ಮಾಡಬಾರದು. ಮುಚ್ಚುವ ಕೆಲಸ ಕೋಣೆಯಲ್ಲೇ ಮುಗಿದಿರಲಿ.

ಗಣಿತಮೇಷ್ಟ್ರು:
5 ಮತ್ತು 20ರ ಗೊಂದಲಕ್ಕೆ ಉತ್ತರ ಸರಳವಾಗಿದೆ, ಆದರೆ ಅದಕ್ಕೆ ಮೊದಲು ಚೀಲ ಮತ್ತು ಪೆಟ್ಟಿಗೆಯ ವ್ಯತ್ಯಾಸ ತಿಳಿದಿರಬೇಕು.

ಗಟ್ಟಿ ಹೌಸಿಂಗಿನ ಒಳಗಿನ ಗಾಳಿ ಭೂಮಿಯ ಮೇಲಿದ್ದ ಒತ್ತಡದಲ್ಲೇ ಇರುತ್ತದೆ. ಹೊರಗಿನ ನೀರಿನ ಒತ್ತಡ ಪ್ರತಿ 10 ಮೀಟರಿಗೆ ಒಂದು ವಾಯುಭಾರದಷ್ಟು (ನೆಲದ ಮೇಲಿನ ಗಾಳಿಯ ಒತ್ತಡದಷ್ಟು) ಏರುತ್ತದೆ. 8 ಸೆಂಟಿಮೀಟರ್ ವ್ಯಾಸದ ಗಾಜನ್ನು ತೆಗೆದುಕೊಳ್ಳಿ. ಅದರ ವಿಸ್ತೀರ್ಣ ಸುಮಾರು 50 ಚದರ ಸೆಂಟಿಮೀಟರ್. ಹತ್ತು ಮೀಟರ್ ಆಳದಲ್ಲಿ ಆ ಗಾಜಿನ ಮೇಲೆ ಹೆಚ್ಚುಕಡಿಮೆ 50 ಕೆ.ಜಿ. ಭಾರ ಬೀಳುತ್ತದೆ. ಪೆಟ್ಟಿಗೆಯನ್ನು ಅಷ್ಟು ದಪ್ಪಗೆ ಮಾಡುವುದೂ, ಅದು ಅಷ್ಟು ದುಬಾರಿಯಾಗುವುದೂ ಇದೇ ಕಾರಣಕ್ಕೆ.

ಮೆತ್ತನೆಯ ಚೀಲದಲ್ಲಿ ಕಥೆ ಬೇರೆ. ನೀರು ಒತ್ತಿದಂತೆ ಚೀಲ ಕುಗ್ಗುತ್ತದೆ, ಒಳಗಿನ ಗಾಳಿಯ ಒತ್ತಡವೂ ಅಷ್ಟೇ ಏರುತ್ತದೆ. ಒಳಗೂ ಹೊರಗೂ ಸಮ. ಬಾಯ್ಲ್ ನಿಯಮದಂತೆ ಮೇಲೆ ಒಂದು ಲೀಟರ್ ಇದ್ದ ಗಾಳಿ 5 ಮೀಟರಿನಲ್ಲಿ ಮೂರನೇ ಎರಡು ಭಾಗವಾಗುತ್ತದೆ, 10 ಮೀಟರಿನಲ್ಲಿ ಅರ್ಧ, 20 ಮೀಟರಿನಲ್ಲಿ ಮೂರನೇ ಒಂದು. ಚೀಲದಲ್ಲಿ ಸಡಿಲ ಇರುವವರೆಗೂ ಗಾಜಿನ ಮೇಲಾಗಲಿ ಹೊಲಿಗೆಯ ಮೇಲಾಗಲಿ ಹೇಳಿಕೊಳ್ಳುವಂಥ ಭಾರ ಇಲ್ಲ. ಸಡಿಲ ಮುಗಿದು ಪ್ಲಾಸ್ಟಿಕ್ಕು ಕ್ಯಾಮೆರಾಕ್ಕೆ ಅಂಟಿಕೊಂಡಿತೋ, ಅಲ್ಲಿಂದ ಮುಂದೆ ನೀರು ಒತ್ತುವುದು ಚೀಲವನ್ನಲ್ಲ, ನಿಮ್ಮ ಕ್ಯಾಮೆರಾವನ್ನು. ಗುಂಡಿಗಳು ತಾವಾಗಿಯೇ ಒತ್ತಿಕೊಳ್ಳುತ್ತವೆ. ಹೊರಚಾಚಿದ ಲೆನ್ಸ್ ಹಿಂದಕ್ಕೆ ತಳ್ಳಿಸಿಕೊಳ್ಳುತ್ತದೆ. ಜೂಮ್ ತಿರುಗುವುದಿಲ್ಲ.

ಈಗ ನಿಮ್ಮ ಪ್ರಶ್ನೆಗೆ ಬರೋಣ. 5 ಮೀಟರ್ ಎಂದವನು ಒಳಗೆ ಕ್ಯಾಮೆರಾ ಇದ್ದು ಅದು ಕೆಲಸ ಮಾಡುವ ಆಳವನ್ನು ಹೇಳಿರಬಹುದು. 20 ಎಂದವನು ಖಾಲಿ ಚೀಲ ಹರಿಯದೆ ಉಳಿಯುವ ಆಳವನ್ನು ಹೇಳಿರಬಹುದು. ನೀರು ತಡೆಯುವ ಮಟ್ಟ ಹೇಳುವ ಐಪಿಎಕ್ಸ್8 ಎಂಬ ಮುದ್ರೆ ನೋಡಿ ಮರುಳಾಗಬೇಡಿ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ 30 ನಿಮಿಷ, ಅದು ಖಚಿತ. 8 ಎಂದರೆ ಅದಕ್ಕಿಂತ ಕಠಿಣ ಪರೀಕ್ಷೆ. ಎಷ್ಟು ಆಳ, ಎಷ್ಟು ಹೊತ್ತು ಎಂಬುದನ್ನು ತಯಾರಕನೇ ಹೇಳಬೇಕು. ಹೇಳಿರದಿದ್ದರೆ ಆ ಮುದ್ರೆಯಿಂದ ನಿಮಗೇನೂ ತಿಳಿದಂತಾಗಲಿಲ್ಲ.

ಜಮಾಖರ್ಚು:
ಮೇಷ್ಟ್ರೇ, ಪಾಠ ಚೆನ್ನಾಗಿದೆ. ಆದರೆ ವ್ಯವಹಾರದ ಮಾತು ಬೇರೆ. ಮೂವತ್ತು ಸಾವಿರದ ವಸ್ತುವನ್ನು ಒಂದೂವರೆ ಸಾವಿರದ ಪ್ಲಾಸ್ಟಿಕ್ಕಿನ ಕೈಗೆ ಒಪ್ಪಿಸುವುದು ಯಾವ ಲೆಕ್ಕ? ಕ್ಯಾಮೆರಾದ ವಾರಂಟಿ ನೀರಿನ ಹಾನಿಗೆ ಸಾಮಾನ್ಯವಾಗಿ ಅನ್ವಯಿಸುವುದಿಲ್ಲ. ಚೀಲ ಮಾರಿದವನು ಹೆಚ್ಚೆಂದರೆ ಚೀಲದ ಹಣ ವಾಪಸು ಕೊಡುತ್ತಾನೆ. ಅದರ ಬದಲು ನೀರಿಗೆಂದೇ ಮಾಡಿದ ಕ್ಯಾಮೆರಾವನ್ನು ಬಳಸಿದ ಸ್ಥಿತಿಯಲ್ಲಿ ಕೊಳ್ಳಿ. ಒಲಿಂಪಸ್ ಟಿಜಿ-6 ಯಾವ ಕವಚವೂ ಇಲ್ಲದೆ 15 ಮೀಟರ್ ಇಳಿಯುತ್ತದೆ. ಗೋಪ್ರೊ ಹೀರೋ ಸರಣಿಯಲ್ಲಿ ಐದನೆಯದರಿಂದ ಈಚಿನ ಮುಖ್ಯ ಮಾದರಿಗಳು ಬರಿಮೈಯಲ್ಲೇ 10 ಮೀಟರ್ ತಡೆಯುತ್ತವೆ. ಬೇಡವಾದಾಗ ಮತ್ತೆ ಮಾರಬಹುದು. ಬಳಸಿದ ಚೀಲವನ್ನು ಯಾರು ಕೊಳ್ಳುತ್ತಾರೆ?

ಹಳೇಕ್ಯಾಮೆರಾ:
ಜಮಾಖರ್ಚು ಅವರೇ, ಬಳಸಿದ ಟಿಜಿ-6 ಕೊಳ್ಳುವಾಗ ಅದರ ಬ್ಯಾಟರಿ ಬಾಗಿಲಿನ ರಬ್ಬರ್ ಎಷ್ಟು ಸವೆದಿದೆ ಎಂದು ನಿಮಗೆ ಹೇಗೆ ಗೊತ್ತಾಗುತ್ತದೆ? ಆ 15 ಮೀಟರಿನ ಭರವಸೆ ಹೊಸ ರಬ್ಬರಿನದು. ಹಿಂದಿನ ಯಜಮಾನ ಗೋಕರ್ಣದ ಮರಳಿನಲ್ಲಿ ಅದರ ಬಾಗಿಲನ್ನು ಎಷ್ಟು ಸಲ ತೆರೆದಿದ್ದಾನೋ.

ಚೀಲವನ್ನು ಬಡವರ ಉಪಾಯವೆಂದು ಹೀಗಳೆಯುವುದನ್ನು ನಾನು ಒಪ್ಪುವುದಿಲ್ಲ. ಜರ್ಮನಿಯ ಇವಾ-ಮರೀನ್ ಕಂಪನಿ ದಶಕಗಳಿಂದ ಎಸ್‌ಎಲ್‌ಆರ್ ಕ್ಯಾಮೆರಾಗಳಿಗೆ ಪಿವಿಸಿ ಚೀಲ ಮಾಡಿದೆ. ಹಲವು ಮಾದರಿಗಳಿಗೆ 20 ಮೀಟರ್ ಮಿತಿ ಇದ್ದದ್ದೂ ನಿಜ. ಮುಂದೆ ನಿಜವಾದ ಗಾಜು, ಬಾಯಿಗೆ ಎರಡು ಉದ್ದನೆಯ ಪಟ್ಟಿಗಳು, ಅವನ್ನು ಒಂದಕ್ಕೊಂದು ಬಿಗಿಯುವ ಸ್ಕ್ರೂಗಳು. ಚೀಲದ ಬದಿಯಲ್ಲೇ ಬೆರಳು ತೂರಿಸುವ ಕೈಗವಸು ಇರುತ್ತದೆ. ಅದರೊಳಗೆ ಬೆರಳಿಟ್ಟು ಜೂಮ್ ತಿರುಗಿಸಬಹುದು, ಶಟರ್ ಒತ್ತಬಹುದು. ನನ್ನದು ಫಿಲಂ ಕಾಲದ ಚೀಲ. ಅದನ್ನು ಎಂದೂ ಮಡಿಸಿ ಇಟ್ಟವನಲ್ಲ. ಒಳಗೆ ಉಬ್ಬಿಸಿದ ಪ್ಲಾಸ್ಟಿಕ್ ಕವರು ತುಂಬಿ, ಬೀರುವಿನ ಮೇಲಿನ ಖಾನೆಯಲ್ಲಿ ನಿಲ್ಲಿಸಿದ್ದೇನೆ. ಪಿವಿಸಿ ಹಳೆಯದಾದಂತೆ ಮೊದಲು ಹಳದಿಯಾಗುತ್ತದೆ, ಆಮೇಲೆ ಪೆಡಸಾಗುತ್ತದೆ. ಮಡಿಕೆ ಬಿದ್ದಲ್ಲಿ ಬಿಳಿಯ ಗೆರೆ ಮೂಡುತ್ತದೆ. ಆ ಗೆರೆಯನ್ನು ಉಗುರಿನಿಂದ ಸವರಿ ನೋಡಿ. ಉಗುರಿಗೆ ಸಿಕ್ಕರೆ ಆ ಚೀಲದ ಆಯುಸ್ಸು ಮುಗಿಯಿತು. ಸೋರುವುದು ಗಾಜಿನ ಹತ್ತಿರ ಎಂದು ಎಲ್ಲರೂ ಹೆದರುತ್ತಾರೆ. ನಾನು ನೋಡಿದ ಮಟ್ಟಿಗೆ ಚೀಲ ಸಾಯುವುದು ಬೆರಳಿನ ಸಂದಿಯಲ್ಲಿ, ದಿನವೂ ಬಾಗುವ ಜಾಗದಲ್ಲಿ.

ಇನ್ನೊಂದು ವಿಷಯ. ನೀರಿನೊಳಗೆ ಫೋಟೊ ತೆಗೆದ ಮೊದಲಿಗರಲ್ಲಿ ಒಬ್ಬನಾದ ಲೂಯಿ ಬೂತಾನ್ 1893ರಲ್ಲಿ ಫ್ರಾನ್ಸಿನ ಬನ್ಯುಲ್ಸ್ ಕಡಲಲ್ಲಿ ಇಳಿಸಿದ ಪೆಟ್ಟಿಗೆಗೆ ಗಾಳಿ ತುಂಬಿದ ರಬ್ಬರ್ ಬಲೂನೊಂದನ್ನು ಜೋಡಿಸಿದ್ದ. ನೀರು ಬಲೂನನ್ನು ಒತ್ತಿದಾಗ ಆ ಗಾಳಿ ಪೆಟ್ಟಿಗೆಯೊಳಗೆ ಹೋಗಿ ಒತ್ತಡ ಸಮವಾಗುತ್ತಿತ್ತು. ಮೇಷ್ಟ್ರು ಹೇಳಿದ ಲೆಕ್ಕವನ್ನೇ ಆತ ಆಗಲೇ ಮಾಡಿದ್ದ. ಬೇರೆ ಪೆಟ್ಟಿಗೆಯಿಲ್ಲದೆ ನೀರನ್ನು ತಾನೇ ತಡೆಯುವ ನಿಕೊನೋಸ್ ಕ್ಯಾಮೆರಾ ಬಂದದ್ದು 1963ರಲ್ಲಿ. ಅದು 2001ಕ್ಕೆ ನಿಂತೂ ಹೋಯಿತು. ಚೀಲ ಇನ್ನೂ ಮಾರಾಟವಾಗುತ್ತಿದೆ.

ಮಂಜೊಟ್ಟಿ:
ನಾನು ಸಮುದ್ರಕ್ಕೆ ಇಳಿದವಳಲ್ಲ, ಕಂಬಳದ ಫೋಟೊ ತೆಗೆಯುವವಳು. ಆದರೂ ಈ ಚೀಲವನ್ನು ಇಲ್ಲಿ ಬರೆದ ಬಹುಪಾಲು ಜನರಿಗಿಂತ ಹೆಚ್ಚು ಒದ್ದೆ ಮಾಡಿರಬಹುದು.

ಕೋಣಗಳು ಓಡಿ ಬಂದು ಮುಟ್ಟುವ ಮಂಜೊಟ್ಟಿಯ ಬದಿಯಲ್ಲಿ, ಕರೆಯ (ಕೋಣಗಳು ಓಡುವ ಕೆಸರಿನ ಓಣಿಯ) ಅಂಚಿಗೆ ಕುಳಿತು ಕ್ಯಾಮೆರಾವನ್ನು ನೀರಿನ ಮಟ್ಟಕ್ಕೆ ಇಳಿಸಿದರೆ ಸಿಗುವ ಚಿತ್ರವೇ ಬೇರೆ. ಕೋಣಗಳು ತೂತಿರುವ ಹಲಗೆ ಎಳೆಯುವ ಕನೆಹಲಗೆಯ ಓಟವಾದರಂತೂ ಹಲಗೆಯ ತೂತಿನಿಂದ ಚಿಮ್ಮುವ ನೀರು ಆರೂವರೆ, ಏಳೂವರೆ ಕೋಲು (ಕಂಬಳದ ಅಳತೆ) ಎತ್ತರದ ನಿಶಾನೆಗೆ ತಾಗಬೇಕು. ಅಷ್ಟು ಮೇಲೆ ಹೋದ ನೀರು ಎಲ್ಲಿ ಬೀಳುತ್ತದೆ ಎಂದು ಹೇಳಬೇಕಾಗಿಲ್ಲ. ಮಳೆಗವಚ ಸಾಲದು, ಏಕೆಂದರೆ ಕೆಸರು ಕೆಳಗಿನಿಂದಲೂ ಬರುತ್ತದೆ. ಇಲ್ಲಿ ಹೆಸರಿಲ್ಲದ ಚೀಲವೂ ಧಾರಾಳವಾಗಿ ಸಾಕು. ಆಳದ ಪ್ರಶ್ನೆಯೇ ಇಲ್ಲ.

ಇಲ್ಲಿನ ತೊಂದರೆ ಬೇರೆ ಥರದ್ದು. ಗಾಜಿನ ಮೇಲೆ ನಿಂತ ಒಂದೇ ಒಂದು ಕೆಸರಿನ ಹನಿ ಇಡೀ ಓಟವನ್ನು ಹಾಳುಮಾಡುತ್ತದೆ. ಕೈಯಲ್ಲಿ ಒರೆಸಿದರೆ ಮರಳು ಗಾಜನ್ನು ಗೀಚುತ್ತದೆ. ಸೊಂಟಕ್ಕೆ ನೀರಿನ ಬಾಟಲಿ ಕಟ್ಟಿಕೊಂಡು, ಎರಡು ಓಟಗಳ ನಡುವೆ ಗಾಜಿನ ಮೇಲೆ ಸುರಿಯುತ್ತೇನೆ, ಒರೆಸುವುದಿಲ್ಲ. ಮನೆಗೆ ಬಂದ ಮೇಲೂ ಚೀಲವನ್ನು ತಕ್ಷಣ ತೆರೆಯಬಾರದು. ಕೆಸರು ಒಣಗುವ ಮೊದಲೇ ಬಕೆಟ್ಟಿನಲ್ಲಿ ಅದ್ದಿ, ಜಿಪ್ಪಿನ ಸಂದಿಯನ್ನು ಹಲ್ಲುಜ್ಜುವ ಹಳೆಯ ಬ್ರಷ್ಷಿನಿಂದ ತಿಕ್ಕಿ, ಮೇಲೆಲ್ಲ ಒರೆಸಿ, ಬಾಯಿಯನ್ನು ಕೆಳಮುಖ ಮಾಡಿ ಹಿಡಿದು ತೆರೆಯಬೇಕು. ಮೇಲ್ಮುಖವಾಗಿ ತೆರೆದರೆ ಸುರುಳಿಯ ಮಡಿಕೆಯಲ್ಲಿ ಅಡಗಿದ್ದ ನೀರು ಒಳಗೇ ಇಳಿಯುತ್ತದೆ. ಸೋರಿಕೆ ಎಂದು ಜನ ದೂರುವ ಎಷ್ಟೋ ಪ್ರಕರಣಗಳು ಈ ಕೊನೆಯ ಗಳಿಗೆಯಲ್ಲಿ ಆಗುವಂಥವು.

ತುಂಗಾತೀರ:
ಮಂಜೊಟ್ಟಿ ಮೇಡಂ, ಇದು ನನಗೆ ಹೊಳೆದೇ ಇರಲಿಲ್ಲ. ಡೈವ್‌ಗೆ ಕ್ಯಾಮೆರಾ ಒಯ್ಯುವ ಆಸೆಯನ್ನು ನೀರುನಾಯಿಯವರು ಬಿಡಿಸಿಬಿಟ್ಟರು. ಸ್ನಾರ್ಕೆಲ್‌ಗೆ ಮಾತ್ರ ಎಂದುಕೊಂಡರೂ, ಕೊಂಡ ಚೀಲವನ್ನು ಪರೀಕ್ಷಿಸುವುದು ಹೇಗೆ? ಬಕೆಟ್ಟಿನಲ್ಲಿ ಅದ್ದಿದರೆ ಸಾಕೇ?

ಬಾವಿಕಟ್ಟೆ:
ಬಕೆಟ್ಟು ಸಾಲದು. ಆದರೆ ಬಕೆಟ್ಟಿನಿಂದಲೇ ಶುರು ಮಾಡಿ. ಚೀಲಕ್ಕೆ ಗಾಳಿ ತುಂಬಿ ಬಾಯಿ ಮುಚ್ಚಿ, ನೀರಿನೊಳಗೆ ಹಿಡಿದು ಮೆಲ್ಲಗೆ ಹಿಸುಕಿ. ಸೈಕಲ್ ಟ್ಯೂಬಿನ ಪಂಕ್ಚರ್ ಹುಡುಕುವಂತೆ ಒಂದೊಂದೇ ಹೊಲಿಗೆಯನ್ನು ನೋಡುತ್ತಾ ಬನ್ನಿ. ಗುಳ್ಳೆ ಎದ್ದರೆ ಅಲ್ಲಿಗೆ ಮುಗಿಯಿತು, ವಾಪಸು ಕಳಿಸಿ.

ಗುಳ್ಳೆ ಬಾರದಿದ್ದರೆ ಬಾವಿಗೆ ಬನ್ನಿ. ನಮ್ಮ ಕಡೆ ಮಳೆಗಾಲ ಕಳೆದ ಮೇಲೆ ಬಾವಿಯಲ್ಲಿ ಐದಾರು ಮೀಟರ್ ನೀರು ನಿಂತಿರುತ್ತದೆ. ನಿಮಗೆ ಬೇಕಾದ ಆಳ ಮನೆಯ ಹಿತ್ತಿಲಿನಲ್ಲೇ ಇದೆ. ಮೊದಲು ಚೀಲವನ್ನು ಸೋಪು ಹಾಕಿ ತೊಳೆಯಿರಿ. ಕುಡಿಯುವ ನೀರಿಗೆ ಕೊಳಕು ಪ್ಲಾಸ್ಟಿಕ್ ಇಳಿಸಿದರೆ ಮನೆಯಲ್ಲಿ ಹಿರಿಯರು ಸುಮ್ಮನಿರುವುದಿಲ್ಲ. ಕ್ಯಾಮೆರಾದ ಗಾತ್ರದ ಸ್ಟೀಲ್ ಡಬ್ಬಿಯೊಳಗೆ ಅಕ್ಕಿಯ ಬದಲು ಮರಳು ತುಂಬಿ, ಮುಚ್ಚಳ ಬಿಗಿದು, ಅದರ ಸುತ್ತ ಟಿಶ್ಯೂ ಕಾಗದ ಸುತ್ತಿ ಚೀಲದೊಳಗೆ ಇಡಿ. ಶಾಯಿ ಪೆನ್ನಿನಿಂದ ಆ ಕಾಗದದ ಮೇಲೆ ಗೆರೆಗಳನ್ನು ಎಳೆದಿರಬೇಕು. ಒಂದು ಹನಿ ಬಿದ್ದರೂ ಶಾಯಿ ಹರಡಿ, ನೀರು ಯಾವ ಮೂಲೆಯಿಂದ ಬಂತು ಎಂದು ತೋರಿಸುತ್ತದೆ. ಚೀಲದ ಪಟ್ಟಿಗೆ ಹಗ್ಗ ಕಟ್ಟಬೇಡಿ, ಕಿತ್ತು ಬರುತ್ತದೆ. ಈರುಳ್ಳಿ ಬರುವ ಬಲೆಯ ಚೀಲದಲ್ಲಿ ಇದನ್ನಿಟ್ಟು, ಜೊತೆಗೆ ಒಂದು ತೂಕದ ಕಲ್ಲು ಹಾಕಿ, ಆ ಬಲೆಗೆ ಹಗ್ಗ ಕಟ್ಟಿ ರಾಟೆಯಿಂದ ಇಳಿಸಿ. ಕಲ್ಲು ಚೂಪಾಗಿರಬಾರದು. ಇಡೀ ರಾತ್ರಿ ಬಿಡಿ. ಅರ್ಧ ಗಂಟೆಯಲ್ಲಿ ಕಾಣದ ಸೋರಿಕೆ ಬೆಳಗಾಗುವುದರೊಳಗೆ ಕಾಣುತ್ತದೆ.

ಗಣಿತಮೇಷ್ಟ್ರು:
ಸೊಗಸಾದ ಪ್ರಯೋಗ. ಒಂದೇ ತಿದ್ದುಪಡಿ. ಬಾವಿಯಲ್ಲಿ ಚೀಲ ಅಲ್ಲಾಡದೆ ಕೂತಿರುತ್ತದೆ. ಕಡಲಲ್ಲಿ ಅದನ್ನು ನೀವು ಎಳೆಯುತ್ತೀರಿ, ಹಿಂಡುತ್ತೀರಿ, ದೋಣಿಯ ಏಣಿಗೆ ತಾಗಿಸುತ್ತೀರಿ. ಬಾವಿಯಲ್ಲಿ ಸೋತ ಚೀಲ ಖಂಡಿತ ಕೆಟ್ಟದ್ದು. ಬಾವಿಯಲ್ಲಿ ಗೆದ್ದದ್ದು ಒಳ್ಳೆಯದಿರಬಹುದು, ಅಷ್ಟೆ.

ನೀರುನಾಯಿ:
ಮತ್ತು ಪ್ರತಿ ಸಲವೂ ಬಾಯಿ ಮುಚ್ಚುವುದು ಹೊಸ ಪರೀಕ್ಷೆ. ನಿನ್ನೆ ಸೋರಲಿಲ್ಲ ಎಂಬುದಕ್ಕೆ ಇಂದು ಬೆಲೆಯಿಲ್ಲ. ಒಂದು ಕೂದಲೆಳೆ, ಒಂದು ಮರಳಿನ ಕಾಳು, ಒಳಗೆ ಇಟ್ಟ ತೇವ ಹೀರುವ ಸಿಲಿಕಾ ಪೊಟ್ಟಣದ ಮೂಲೆ ಜಿಪ್ಪಿನ ನಡುವೆ ಸಿಕ್ಕಿಕೊಂಡರೆ ಸಾಕು. ಕ್ಯಾಮೆರಾದ ಕುತ್ತಿಗೆಪಟ್ಟಿಯನ್ನು ಬಿಚ್ಚಿ ಮನೆಯಲ್ಲೇ ಇಡಿ. ಬಾಯಿಗೆ ಸಿಕ್ಕಿಕೊಳ್ಳುವ ವಸ್ತುಗಳಲ್ಲಿ ಅದೇ ಮೊದಲನೆಯದು.

ಮಂಜು ಕಟ್ಟುವುದರ ಬಗ್ಗೆ ಯಾರೂ ಹೇಳಿಲ್ಲ, ಆದರೆ ಚೀಲದಲ್ಲಿ ಸೋರಿಕೆಗಿಂತ ಹೆಚ್ಚು ಚಿತ್ರ ಕೆಡಿಸುವುದು ಅದೇ. ಕರಾವಳಿಯ ಗಾಳಿಯಲ್ಲಿ ತೇವ ಹೆಚ್ಚು. ಆ ಗಾಳಿಯನ್ನು ಚೀಲದಲ್ಲಿ ಮುಚ್ಚಿ, ದೋಣಿಯಲ್ಲಿ ಬಿಸಿಲಿಗೆ ಕಾಯಿಸಿ, ಆಮೇಲೆ ನೀರಿಗೆ ಇಳಿಸಿದರೆ ಮೊದಲು ತಣ್ಣಗಾಗುವುದು ಮುಂದಿನ ಗಾಜು. ತೇವವೆಲ್ಲ ಬಂದು ಅಲ್ಲೇ ಕೂರುತ್ತದೆ. ಒಣಗಿದ ಕೋಣೆಯಲ್ಲಿ ಚೀಲ ಮುಚ್ಚಿ, ದೋಣಿಯಲ್ಲಿ ಒದ್ದೆ ಟವೆಲ್ ಹೊದಿಸಿ ನೆರಳಿನಲ್ಲಿಡಿ. ಸಿಲಿಕಾ ಜೆಲ್ ಹೊಸದಾಗಿರಲಿ. ಎರಡು ವರ್ಷ ಡಬ್ಬಿಯಲ್ಲಿ ಬಿದ್ದಿದ್ದ ಪೊಟ್ಟಣ ಆಗಲೇ ತನ್ನ ಪಾಲಿನ ನೀರು ಕುಡಿದಿರುತ್ತದೆ. ನೀಲಿ ಬಣ್ಣದ ಹರಳನ್ನು ಮತ್ತೆ ಒಣಗಿಸುವವರು ಅಡುಗೆಯ ಬಾಣಲೆ ಬಳಸಬೇಡಿ. ಆ ನೀಲಿಯಲ್ಲಿರುವ ಕೋಬಾಲ್ಟ್ ಕ್ಲೋರೈಡ್ ವಿಷ.

ಕಡಲಂಚು:
ನನ್ನ ಹತ್ತಿರ ಫೋನ್ ಮಾತ್ರ ಇದೆ. ಇನ್ನೂರು ರೂಪಾಯಿಯ ಪಾರದರ್ಶಕ ಪೌಚ್ ಸಾಕೇ? ಫೋನಿಗೆ ಐಪಿ68 ಮುದ್ರೆ ಬೇರೆ ಇದೆ.

ನೀರುನಾಯಿ:
ಐಪಿ68 ಪರೀಕ್ಷೆ ಆಗುವುದು ಸಿಹಿನೀರಿನಲ್ಲಿ, ಅಲುಗಾಡದ ಹೊಸ ಫೋನಿನ ಮೇಲೆ. ಉಪ್ಪುನೀರಿಗೆ ಅದನ್ನು ನಂಬಬೇಡಿ. ಪೌಚ್ ಹಾಕಿದರೂ ನೀರಿನೊಳಗೆ ಟಚ್ ಸ್ಕ್ರೀನ್ ನಿಮ್ಮ ಮಾತು ಕೇಳುವುದಿಲ್ಲ. ಪ್ಲಾಸ್ಟಿಕ್ಕು ಪರದೆಗೆ ಅಂಟಿದ ತಕ್ಷಣ ಅದು ತನ್ನಷ್ಟಕ್ಕೇ ಏನೇನೋ ತೆರೆಯತೊಡಗುತ್ತದೆ. ನೀರಿನ ಹೊರಗೇ ಕ್ಯಾಮೆರಾ ತೆರೆದು, ವಾಲ್ಯೂಮ್ ಗುಂಡಿಯಿಂದ ಶಟರ್ ಒತ್ತುವಂತೆ ಹೊಂದಿಸಿಕೊಳ್ಳಿ. ಇಲ್ಲವೇ ವಿಡಿಯೊ ಶುರು ಮಾಡಿ ಇಳಿಯಿರಿ. ಬ್ಲೂಟೂತ್ ರಿಮೋಟ್ ತರಬೇಡಿ, ಆ ಅಲೆಗಳು ನೀರಿನಲ್ಲಿ ಗೇಣುದ್ದ ದಾಟುವುದೂ ಕಷ್ಟ.

ಪೌಚಿನ ಒಳಗೆ ತೇಲುವಷ್ಟು ಗಾಳಿ ಬಿಡಿ, ಕುತ್ತಿಗೆಗೆ ಹಾಕಿಕೊಳ್ಳಿ. ಮಲ್ಪೆಯ ಸೇಂಟ್ ಮೇರೀಸ್ ದ್ವೀಪದ ಹತ್ತಿರ ಸೊಂಟಮಟ್ಟದ ನೀರಿಗೆ ಇದು ಸಾಕು.

ಜಮಾಖರ್ಚು:
ಸರಿ, ಸೋರದ ಚೀಲವೇ ಸಿಕ್ಕಿತು ಎಂದುಕೊಳ್ಳೋಣ. ಚಿತ್ರ ಹೇಗೆ ಬರುತ್ತದೆ? ನನ್ನ ಸ್ನೇಹಿತರೊಬ್ಬರು ಲಕ್ಷದ್ವೀಪದಿಂದ ತಂದ ಫೋಟೊಗಳೆಲ್ಲ ಸ್ಲೇಟಿನ ಬಣ್ಣದಲ್ಲಿದ್ದವು. ಮೀನೆಂದು ತೋರಿಸಿದ್ದನ್ನು ಮೀನೆಂದು ನಂಬಬೇಕಾಯಿತು.

ಹಳೇಕ್ಯಾಮೆರಾ:
ಅದು ಚೀಲದ ತಪ್ಪಲ್ಲ. ಲಕ್ಷ ರೂಪಾಯಿಯ ಹೌಸಿಂಗ್ ಇದ್ದರೂ ಹಾಗೆಯೇ ಬರುತ್ತಿತ್ತು. ನೀರು ಮೊದಲು ನುಂಗುವುದು ಕೆಂಪನ್ನು. ಐದು ಮೀಟರ್ ಸುಮಾರಿಗೆ ಕೆಂಪು ಬಹುಪಾಲು ಹೋಗಿಬಿಡುತ್ತದೆ, ಆಮೇಲೆ ಕಿತ್ತಳೆ, ಹಳದಿ. ಇದು ಆಳದ ಲೆಕ್ಕ ಮಾತ್ರವಲ್ಲ. ಬೆಳಕು ಮೇಲಿನಿಂದ ಮೀನಿಗೆ, ಮೀನಿನಿಂದ ಲೆನ್ಸಿಗೆ ಸಾಗುವ ಒಟ್ಟು ದೂರದ ಲೆಕ್ಕ. ಎರಡು ಮೀಟರ್ ಆಳದಲ್ಲಿರುವ ಮೀನನ್ನು ನಾಲ್ಕು ಮೀಟರ್ ದೂರದಿಂದ ತೆಗೆದರೆ ಬೆಳಕು ಆರು ಮೀಟರ್ ನೀರು ದಾಟಿ ಬಂದಿರುತ್ತದೆ. ಜೂಮ್ ಮಾಡುವ ಅಭ್ಯಾಸವನ್ನು ದಡದಲ್ಲೇ ಬಿಟ್ಟು ಬನ್ನಿ. ಒಂದು ಮೀಟರಿಗಿಂತ ಹತ್ತಿರ ಹೋಗಲಾಗದಿದ್ದರೆ ಆ ಮೀನನ್ನು ಕಣ್ಣಿನಲ್ಲಿ ನೋಡಿ ಸುಮ್ಮನಾಗಿ. ರಾ ಕಡತದಲ್ಲಿ (ಕ್ಯಾಮೆರಾ ತಿದ್ದದ ಮೂಲ ಚಿತ್ರ) ತೆಗೆಯಿರಿ, ವೈಟ್ ಬ್ಯಾಲೆನ್ಸ್, ಅಂದರೆ ಬಣ್ಣಗಳ ಹದ, ಆಮೇಲೆ ಸರಿಪಡಿಸಬಹುದು. ಆದರೆ ಇಲ್ಲದ ಕೆಂಪನ್ನು ಯಾವ ತಂತ್ರಾಂಶವೂ ಹುಟ್ಟಿಸಲಾರದು.

ಫ್ಲಾಶ್ ಹಾಕಬೇಡಿ. ಚೀಲದೊಳಗೆ ಅದು ತೆರೆದುಕೊಂಡರೆ ಪ್ಲಾಸ್ಟಿಕ್ಕನ್ನು ಒತ್ತುತ್ತದೆ. ತೆರೆದುಕೊಂಡರೂ ಅದರ ಬೆಳಕು ಕೊಳವೆಯ ಒಳಗೋಡೆಗೆ ಬಡಿದು ವಾಪಸು ಬರುತ್ತದೆ. ನೀರಿನಲ್ಲಿ ತೇಲುವ ಕಣಗಳೆಲ್ಲ ಹೊಳೆದು ಹಿಮ ಬಿದ್ದಂತೆ ಕಾಣುತ್ತದೆ.

18–55 ಲೆನ್ಸಿನ ವಿಷಯ. ಚಪ್ಪಟೆ ಗಾಜಿನ ಮೂಲಕ ನೀರಿನಲ್ಲಿ ನೋಡಿದರೆ ಎಲ್ಲವೂ ಮೂರನೇ ಒಂದರಷ್ಟು ದೊಡ್ಡದಾಗಿ ಕಾಣುತ್ತದೆ. ನೀರಿನ ವಕ್ರೀಭವನ ಸೂಚ್ಯಂಕ 1.33. ನಿಮ್ಮ 18 ಮಿ.ಮೀ. ಅಲ್ಲಿ 24 ಮಿ.ಮೀ.ನಂತೆ ವರ್ತಿಸುತ್ತದೆ. ದುಬಾರಿ ಹೌಸಿಂಗಿನ ಮುಂದೆ ಅರೆಗೋಳದ ಗಾಜು ಇರುವುದು ಈ ನಷ್ಟ ತಪ್ಪಿಸಲಿಕ್ಕೆ. ಚೀಲದಲ್ಲಿ ಅದಿಲ್ಲ, ಒಪ್ಪುತ್ತೇನೆ. ಮೂಲೆಗಳು ಮಸುಕಾಗುತ್ತವೆ. 18ರಲ್ಲಿ ಕೊಳವೆಯ ಅಂಚು ಕಪ್ಪಾಗಿ ಬಿದ್ದರೆ 22ರ ಹತ್ತಿರ ಇಟ್ಟು, ಟೇಪ್ ಅಂಟಿಸಿ ಬಿಗಿದು ಇಳಿಯಿರಿ. ಗಾಜಿಗೆ ಲೆನ್ಸಿನ ಮೂತಿ ತಾಗುವಷ್ಟು ಹತ್ತಿರವಿದ್ದರೆ ಒಳ್ಳೆಯದು.

ಸಂಪಿಗೆಕಾಡು:
ಎಲ್ಲರೂ ಕಡಲಿನ ಬಗ್ಗೆಯೇ ಬರೆಯುತ್ತಿದ್ದೀರಿ. ಈ ಚೀಲಕ್ಕೆ ಹೇಳಿಮಾಡಿಸಿದ ಜಾಗ ಮಲೆನಾಡಿನ ತೊರೆ. ಮೊಣಕಾಲುದ್ದದ ನೀರು, ಉಪ್ಪಿಲ್ಲ, ಅಲೆಯಿಲ್ಲ. ಮಳೆ ನಿಂತು ನೀರು ತಿಳಿಯಾದ ಮೇಲೆ ಚೀಲವನ್ನು ಎರಡು ಗುಂಡುಕಲ್ಲುಗಳ ನಡುವೆ ಕೂರಿಸಿ, ಹತ್ತು ಸೆಕೆಂಡಿಗೊಂದು ಚಿತ್ರ ತೆಗೆಯುವಂತೆ ಹೊಂದಿಸಿ, ದಡಕ್ಕೆ ಹೋಗಿ ಕೂರುತ್ತೇನೆ. ಮನುಷ್ಯನ ಕಾಲು ಕಂಡರೆ ಓಡುವ ಮೀನುಗಳು ಅಲ್ಲಾಡದ ಚೀಲವನ್ನು ಕಲ್ಲಿನ ಲೆಕ್ಕಕ್ಕೆ ಸೇರಿಸಿಕೊಳ್ಳುತ್ತವೆ. ಸ್ವಲ್ಪ ಹೊತ್ತಿಗೆ ಗಾಜಿನ ಮುಂದೆಯೇ ಬಂದು ಪಾಚಿ ಕೆರೆಯುತ್ತವೆ. ಗಾಜಿನ ಅರ್ಧ ನೀರಿನೊಳಗೆ, ಅರ್ಧ ಹೊರಗೆ ಬರುವಂತೆ ಇಟ್ಟರೆ ಮೇಲೆ ಕಾಡು, ಕೆಳಗೆ ತೊರೆಯ ತಳ, ಎರಡೂ ಒಂದೇ ಚಿತ್ರದಲ್ಲಿ. ಟಿಜಿ-6ರ ಪುಟ್ಟ ಲೆನ್ಸಿನಲ್ಲಿ ನೀರಿನ ಗೆರೆ ದಪ್ಪಗೆ ಬಂದು ಅರ್ಧ ಚಿತ್ರ ನುಂಗುತ್ತದೆ. ಚೀಲದ ಅಗಲವಾದ ಗಾಜಿನಲ್ಲಿ ಅದು ತೆಳುವಾಗಿ ಬರುತ್ತದೆ. ಜಮಾಖರ್ಚು ಅವರು ಇದನ್ನೂ ಖಾತೆಗೆ ಬರೆದುಕೊಳ್ಳಲಿ.

ಶಿಶಿಲದಂಥ ದೇವರ ಮೀನಿನ ಜಾಗಗಳಲ್ಲಿ ಮಾತ್ರ ನೀರಿಗೆ ಇಳಿಯಬೇಡಿ. ದೇವಸ್ಥಾನದವರನ್ನು ಕೇಳಿ, ಅವರು ಒಪ್ಪಿದರೆ ಮೆಟ್ಟಿಲಿನಿಂದಲೇ ಕೋಲಿಗೆ ಕಟ್ಟಿ ಇಳಿಸಿ. ನೇತ್ರಾಣಿಯಲ್ಲೂ ಹವಳದ ಮೇಲೆ ಕಾಲೂರಿ ಫೋಟೊಗೆ ನಿಲ್ಲುವವರನ್ನು ನೋಡಿದ್ದೇನೆ. ಹವಳ ವನ್ಯಜೀವಿ ಸಂರಕ್ಷಣಾ ಕಾಯ್ದೆ, 1972ರ ಮೊದಲ ಪರಿಶಿಷ್ಟದಲ್ಲಿದೆ. ಹುಲಿ ಇರುವ ಪಟ್ಟಿಯೇ ಅದು.

ಸ್ಕ್ರೂಡ್ರೈವರ್:
ನಾನು ಕ್ಯಾಮೆರಾ ರಿಪೇರಿ ಮಾಡುವವನು. ನೀರು ಹೊಕ್ಕ ಕ್ಯಾಮೆರಾ ನನ್ನ ಮೇಜಿಗೆ ಬರುವುದು ಸಾಮಾನ್ಯವಾಗಿ ವಾರ ಕಳೆದ ಮೇಲೆ, ಅಕ್ಕಿಯ ಡಬ್ಬಿಯಿಂದ ಎದ್ದು. ಲೆನ್ಸ್ ಕೂರುವ ಮೌಂಟಿನ ಸಂದಿಯಿಂದ ಅಕ್ಕಿನುಚ್ಚು ಉದುರುತ್ತದೆ, ಕೆಳಗಿನ ಬೋರ್ಡಿನ ಕನೆಕ್ಟರ್ ತುಂಬ ಹಸಿರು ಕಿಲುಬು ಹಿಡಿದಿರುತ್ತದೆ. ಅಕ್ಕಿ ಉಪ್ಪನ್ನು ಹೀರುವುದಿಲ್ಲ. ಕೊಲ್ಲುವುದು ನೀರಲ್ಲ, ಬ್ಯಾಟರಿಯ ವಿದ್ಯುತ್ತು ಮತ್ತು ಉಪ್ಪು ಸೇರಿ ತಾಮ್ರವನ್ನು ತಿನ್ನುವುದು.

ಚೀಲದೊಳಗೆ ನೀರು ಕಂಡ ಕೂಡಲೇ ಮೇಲೆ ಬನ್ನಿ, ಲೆನ್ಸನ್ನು ಮೇಲ್ಮುಖವಾಗಿ ಹಿಡಿಯಬೇಡಿ. ದೋಣಿಯಲ್ಲಿ ಒರೆಸಿ, ತೆರೆದು, ಬ್ಯಾಟರಿ ಮತ್ತು ಕಾರ್ಡ್ ತೆಗೆಯಿರಿ. ಆನ್ ಆಗುತ್ತದೆಯೇ ಎಂದು ಒತ್ತಿ ನೋಡುವ ಚಪಲ ಬೇಡ. ಒದ್ದೆಯಾದ ಲಿಥಿಯಂ ಬ್ಯಾಟರಿಯನ್ನು ಬೇರೆ ಇಡಿ, ಮತ್ತೆ ಚಾರ್ಜ್ ಮಾಡಬೇಡಿ. ನಾಲ್ಕು ಹನಿ ಮೈಮೇಲೆ ಬಿದ್ದಿದ್ದರೆ ಸಿಹಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಒರೆಸಿದರೆ ಸಾಕು. ಕ್ಯಾಮೆರಾ ಉಪ್ಪುನೀರಿನಲ್ಲಿ ಪೂರ್ತಿ ಮುಳುಗಿತ್ತು ಎಂದರೆ, ಬ್ಯಾಟರಿ ತೆಗೆದ ಮೇಲೆ ಸಿಹಿನೀರಿನಲ್ಲಿ ಅದ್ದಿ ಉಪ್ಪು ತೊಳೆದು ಅದೇ ದಿನ ಬಿಚ್ಚಿಸುವುದು ಉಳಿದಿರುವ ದಾರಿ. ಉಳಿಯುತ್ತದೆಂದು ಯಾರೂ ಮಾತು ಕೊಡಲಾರರು. ಲೆನ್ಸ್ ಎಷ್ಟೋ ಸಲ ಉಳಿಯುತ್ತದೆ.

ಜಮಾಖರ್ಚು:
ಅಂದರೆ ಹೋದರೆ ಹೋಗಲಿ ಎನ್ನಬಹುದಾದ ಕ್ಯಾಮೆರಾವನ್ನು ಮಾತ್ರ ಚೀಲಕ್ಕೆ ಹಾಕಬೇಕು. ನಾನು ಹೇಳಿದ್ದೂ ಇದನ್ನೇ.

ಹಳೇಕ್ಯಾಮೆರಾ:
ನೀವು ಹೇಳಿದ್ದು ಬೇರೆ ಕ್ಯಾಮೆರಾ ಕೊಳ್ಳಿ ಎಂದು. ಅವರಲ್ಲಿ ಹಳೆಯದು ಆಗಲೇ ಇದೆ.

ತುಂಗಾತೀರ:
ಜಗಳವಾಡಬೇಡಿ ಸ್ವಾಮಿ. 5 ಮೀಟರಿನ ಚೀಲವನ್ನೇ ತರಿಸಿದ್ದೇನೆ. ಚಿಕ್ಕಪ್ಪನ ಮನೆಯ ಬಾವಿಯಲ್ಲಿ ರಾತ್ರಿಯಿಡೀ ಇಳಿಸಿದ್ದಾಯಿತು, ಶಾಯಿ ಹರಡಿಲ್ಲ. ಈಗ ಇನ್ನೊಂದು ಸಮಸ್ಯೆ. ಕ್ಯಾಮೆರಾ ಹಾಕಿ ಊರಿನ ಕೆರೆಯಲ್ಲಿ ಇಳಿದರೆ ಚೀಲ ಬೆಂಡಿನಂತೆ ತೇಲುತ್ತದೆ. ಲೆನ್ಸಿನ ಮೂತಿ ಆಕಾಶ ನೋಡುತ್ತದೆ. ಒತ್ತಿ ಹಿಡಿದು ಕೈ ಸೋಲುತ್ತದೆ. ಎಷ್ಟು ತೂಕ ಕಟ್ಟಬೇಕು?

ಗಣಿತಮೇಷ್ಟ್ರು:
ಅಂದಾಜು ಲೆಕ್ಕ ಕೊಡುತ್ತೇನೆ. ನಿಮ್ಮ ಕ್ಯಾಮೆರಾ, ಲೆನ್ಸ್, ಚೀಲ ಸೇರಿ ತೂಕ ಒಂದು ಕೆ.ಜಿ. ಎಂದಿಟ್ಟುಕೊಳ್ಳಿ. ಅವು ತುಂಬುವ ಜಾಗ ಒಂದು ಲೀಟರ್. ಒಳಗೆ 1.2 ಲೀಟರ್ ಗಾಳಿ ಬಿಟ್ಟರೆ ಒಟ್ಟು 2.2 ಲೀಟರ್. ಅಷ್ಟು ಕಡಲನೀರಿನ ತೂಕ ಸುಮಾರು 2.25 ಕೆ.ಜಿ. ಸಮತೂಕಕ್ಕೆ ಇನ್ನೂ 1.25 ಕೆ.ಜಿ. ಸೀಸ ಬೇಕು. ಕೈಜಾರಿದರೆ ಮೇಲೆ ಬರಲಿ ಎಂದು 200 ಗ್ರಾಂ ಕಡಿಮೆ ಹಾಕುತ್ತೀರಿ ಎನ್ನಿ. ಎರಡು ಮೀಟರ್ ಇಳಿಯುವಷ್ಟರಲ್ಲಿ 1.2 ಲೀಟರ್ ಗಾಳಿ ಒಂದು ಲೀಟರಿಗೆ ಕುಗ್ಗಿರುತ್ತದೆ, ಆ 200 ಗ್ರಾಂ ತೇಲುವ ಬಲ ಅಲ್ಲಿಗೆ ಖರ್ಚಾಯಿತು. ಅದಕ್ಕಿಂತ ಕೆಳಗೆ ಬಿಟ್ಟರೆ ಚೀಲ ಮೇಲೆ ಬರುವುದಿಲ್ಲ, ತಳಕ್ಕೆ ಹೋಗುತ್ತದೆ.

ಈಗ ಗಾಳಿಯನ್ನು ಅರ್ಧ ಲೀಟರಿಗೆ ಇಳಿಸಿ ನೋಡಿ. ಒಟ್ಟು ಒಂದೂವರೆ ಲೀಟರ್, ಬೇಕಾದ ಸೀಸ ಸುಮಾರು ಅರ್ಧ ಕೆ.ಜಿ.; 200 ಗ್ರಾಂ ಬಿಟ್ಟುಕೊಟ್ಟರೆ 300ರಿಂದ 350 ಗ್ರಾಂ ಸಾಕು. ಈ ಚೀಲ ಆರು ಮೀಟರ್ ದಾಟುವವರೆಗೂ ಮೇಲೆ ಬರುವ ಸ್ವಭಾವ ಬಿಡುವುದಿಲ್ಲ. ಬದಲಿಗೆ ಪ್ಲಾಸ್ಟಿಕ್ಕು ಗುಂಡಿಗಳಿಗೆ ಬೇಗ ಅಂಟುತ್ತದೆ. ನೀವು ಸ್ನಾರ್ಕೆಲ್ ಮಾಡುವವರು, ಎರಡು ಮೂರು ಮೀಟರಿಗಿಂತ ಕೆಳಗೆ ಹೋಗುವುದಿಲ್ಲ. ಅರ್ಧ ಲೀಟರ್ ಇರಲಿ.

ನೀರುನಾಯಿ:
ಸೀಸಕ್ಕೆ ಡೈವಿಂಗ್ ಅಂಗಡಿ ಹುಡುಕಬೇಡಿ. ಮಲ್ಪೆಯಲ್ಲೋ ಭಟ್ಕಳದಲ್ಲೋ ಬಲೆಯ ಸಾಮಾನು ಮಾರುವ ಅಂಗಡಿಯಲ್ಲಿ ಬಲೆಗೆ ಕಟ್ಟುವ ಸೀಸದ ಗುಂಡು ತೂಕದ ಲೆಕ್ಕದಲ್ಲಿ ಸಿಗುತ್ತದೆ. ಅದನ್ನು ಹಳೆಯ ಕಾಲುಚೀಲದಲ್ಲಿ ಹಾಕಿ ಹೊಲಿದು, ಚೀಲದ ಹೊರಗೆ, ಲೆನ್ಸಿನ ಕೊಳವೆಯ ಬುಡದಲ್ಲಿ ಕಟ್ಟಿ. ಆಗ ಮೂತಿ ಆಕಾಶ ನೋಡುವುದಿಲ್ಲ. ಒಳಗೆ ಹಾಕಬೇಡಿ, ಉರುಳಾಡಿ ಗಾಜಿಗೆ ಬಡಿಯುತ್ತದೆ. ಮಣಿಕಟ್ಟಿಗೆ ದಾರ ಕಟ್ಟಿಕೊಳ್ಳಿ, ಆದರೆ ಕುತ್ತಿಗೆಗೆ ಬೇಡ. ಡಿಸೆಂಬರಿನಲ್ಲಿ ಬೆಳಗ್ಗೆ ಗಾಳಿ ಕಡಿಮೆ ಇರುತ್ತದೆ, ಮೊದಲ ದೋಣಿಗೇ ಬನ್ನಿ.